ಲೆಕ್ಕದ ಪುಸ್ತಕವೂ ಒಂದು ನ್ಯಾಸ



ಜ್ಯೇಷ್ಠ ಶುಕ್ಲ ಪಂಚಮಿಯಂದು, ಅಂದರೆ ಶ್ರುತಪಂಚಮಿಯ ದಿನ, ನಮ್ಮ ಬಸದಿಗಳಲ್ಲಿ ಶಾಸ್ತ್ರಗ್ರಂಥಗಳನ್ನು ಕಪಾಟಿನಿಂದ ಹೊರತೆಗೆದು, ಧೂಳು ಒರೆಸಿ, ಹೊಸ ವಸ್ತ್ರದಲ್ಲಿ ಸುತ್ತಿ ಪೂಜಿಸುತ್ತೇವೆ. ದೀಪಾವಳಿಯಲ್ಲಿ ಭಗವಾನ್ ಮಹಾವೀರರ ನಿರ್ವಾಣೋತ್ಸವ ಮುಗಿದ ಮೇಲೆ ವ್ಯಾಪಾರಿಗಳಾದ ನಾವು ಹೊಸ ಲೆಕ್ಕದ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ ಮೊದಲ ಪುಟದಲ್ಲಿ ‘ಶ್ರೀ’ ಎಂದು ಬರೆಯುತ್ತೇವೆ. ಪೂಜೆಯಲ್ಲಿ ನಮಗೆ ಕೊರತೆಯಿಲ್ಲ. ಆದರೆ ಪೂಜಿಸಿದ ಪುಸ್ತಕವನ್ನು ವರ್ಷದ ಉಳಿದ ದಿನಗಳಲ್ಲಿ ಹೇಗೆ ಇಡುತ್ತೇವೆ, ಅದು ನಾಶವಾದರೆ ಯಾರಿಗೆ ನಷ್ಟ, ಆ ನಷ್ಟದ ದೋಷ ಯಾರ ಪಾಲಿಗೆ ಬರುತ್ತದೆ ಎಂಬುದನ್ನು ಎಷ್ಟು ಜನ ಯೋಚಿಸಿದ್ದೇವೆ? ನಾನಂತೂ ಬಹುಕಾಲ ಯೋಚಿಸಿರಲಿಲ್ಲ. ನನ್ನಿಂದ ಒಂದು ಪ್ರಮಾದ ನಡೆದ ಮೇಲೆಯೇ ಯೋಚಿಸಿದೆ. ಅದನ್ನು ಸಮಾಜದ ಮುಂದೆ ಹೇಳಿಕೊಳ್ಳುವುದು ಆಲೋಚನೆಯ ಒಂದು ಕ್ರಮವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇನೆ. ನಾನು ಪಂಡಿತನಲ್ಲ, ಬಿ.ಕಾಂ. ಓದಿ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಅಡತಿ ಅಂಗಡಿಯಲ್ಲಿ ಕುಳಿತು, ಬಿಡುವಿನಲ್ಲಿ ಶಾಸ್ತ್ರ ಓದಿದವನು.

ನಮ್ಮ ಮನೆತನದ ಮೂಲ ಅಂಗಡಿ ಅಫಜಲಪುರದಲ್ಲಿ. ಅಣ್ಣನವರ ವ್ಯವಹಾರ ಆಳಂದದಲ್ಲಿ, ನನ್ನದು ಜೇವರ್ಗಿಯಲ್ಲಿ. ಮೂರೂ ಕಡೆ ತೊಗರಿಯೇ ಮುಖ್ಯ. ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆತಿರುವುದು ಓದುಗರಿಗೆ ತಿಳಿದೇ ಇದೆ.

ಅಜ್ಜನವರ ಕಾಲದ ಒಂದೆರಡು ಕಡತಗಳು ನಮ್ಮ ಮನೆಯಲ್ಲಿ ಇನ್ನೂ ಇವೆ. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕಗಳು ಅವು. ಕರ್ನಾಟಕದ ವ್ಯಾಪಾರಿಗಳೂ ಮಠಗಳೂ ಶತಮಾನಗಳ ಕಾಲ ಲೆಕ್ಕವನ್ನು ಇಂಥ ಕಡತಗಳಲ್ಲಿಯೇ ಇಟ್ಟವು. ತಂದೆಯವರ ಕಾಲಕ್ಕೆ ಕಾಗದ ಬಂದಿತು. ರೋಜುಕೀರ್ದಿ, ಖಾತೆವಹಿ, ತೇರೀಜು ಎಂದು ಬೇರೆ ಬೇರೆ ಪುಸ್ತಕಗಳಾದವು. ನಮ್ಮದು ಆಗ ನಿಜಾಮರ ಸೀಮೆ. ಹಾಲಿ ಸಿಕ್ಕಾ ರೂಪಾಯಿಗೂ ಇಂಗ್ಲಿಷರ ಕಲ್ದಾರ ರೂಪಾಯಿಗೂ ಬೆಲೆ ಬೇರೆ. ಏಳು ಹಾಲಿಗೆ ಆರು ಕಲ್ದಾರ ಎಂಬ ಲೆಕ್ಕದಲ್ಲಿ ತಂದೆಯವರು ಎರಡು ಅಂಕಣ ಬರೆದ ಪುಟಗಳನ್ನು ನಾನು ಕಂಡಿದ್ದೇನೆ. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ಸೇರಿತು, 1956ರ ನವೆಂಬರ್ 1ರಂದು ನಮ್ಮ ಜಿಲ್ಲೆ ಕನ್ನಡ ನಾಡಿನಲ್ಲಿ ಒಂದಾಯಿತು, 1957ರ ಏಪ್ರಿಲ್ 1ರಿಂದ ಹದಿನಾರು ಆಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾಯಿತು. ಪ್ರತಿ ಬದಲಾವಣೆಯಲ್ಲಿಯೂ ತಂದೆಯವರು ಹಳೆಯ ಶಿಲ್ಕನ್ನು ಹೊಸ ಲೆಕ್ಕಕ್ಕೆ ತಿರುಗಿಸಿ, ಎರಡನ್ನೂ ಅಕ್ಕಪಕ್ಕ ಬರೆದು ತಾಳೆ ನೋಡಿ, ಆನಂತರವೇ ಹಳೆಯ ಪುಸ್ತಕ ಕಟ್ಟುತ್ತಿದ್ದರು.

ಅವರ ನಿಯಮಗಳು ಕೆಲವೇ. ದೀಪ ಹಚ್ಚಿದ ಮೇಲೆ ಆ ದಿನದ ಶಿಲ್ಕು ಎಣಿಸದೆ ಬಾಗಿಲು ಹಾಕಬಾರದು. ಬರೆದದ್ದನ್ನು ಕೆರೆಯಬಾರದು, ತಪ್ಪಾದರೆ ಒಂದೇ ಗೆರೆ ಹೊಡೆದು, ಹಳೆಯ ಅಂಕಿ ಓದಲು ಬರುವಂತೆಯೇ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು ಬರೆದು ರುಜು ಹಾಕಬೇಕು. ಮುಗಿದ ಪುಸ್ತಕಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ, ನಡುವೆ ಬೇವಿನ ಎಲೆ ಇಟ್ಟು, ಅಟ್ಟದ ಮೇಲೆ ಇಡಬೇಕು, ನೆಲದ ಮೇಲಲ್ಲ. ಮಳೆಗಾಲ ಕಳೆದ ಮೇಲೆ ಗಂಟು ಬಿಚ್ಚಿ ಗೆದ್ದಲು ಹಿಡಿದಿದೆಯೇ ಎಂದು ನೋಡಬೇಕು. ಬಿ.ಕಾಂ. ಪಾಸಾಗಿ ಬಂದ ಹೊಸದರಲ್ಲಿ ನನಗೆ ಇದೆಲ್ಲ ಹಳೆಯ ಕಾಲದ ಮಡಿವಂತಿಕೆಯಾಗಿ ಕಾಣುತ್ತಿತ್ತು.

1996ರಲ್ಲಿ ಅಂಗಡಿಗೆ ಗಣಕಯಂತ್ರ ತಂದೆ. ಬೆಂಗಳೂರಿನ ಸಂಸ್ಥೆ ರೂಪಿಸಿದ ಟ್ಯಾಲಿ ತಂತ್ರಾಂಶ ಆಗಲೇ ಊರೂರಿಗೆ ಹಬ್ಬುತ್ತಿತ್ತು. ನಮ್ಮ ‘ತಾಳೆ’ ಎಂಬ ಮಾತನ್ನೇ ಹೋಲುವ ಆ ಹೆಸರು ತಂದೆಯವರಿಗೂ ಹಿಡಿಸಿತು. ತೇರೀಜು ಕ್ಷಣದಲ್ಲಿ ಕೂಡಿಬರುವುದನ್ನು ನೋಡಿ ಅವರು ಸಂತೋಷಪಟ್ಟರು. “ಇದನ್ನ ಅಟ್ಟದ ಮ್ಯಾಲೆ ಹೆಂಗ ಇಡ್ತಿ?” ಎಂಬ ಒಂದೇ ಪ್ರಶ್ನೆ ಕೇಳಿದರು. ನಾನು ನಕ್ಕು ಸುಮ್ಮನಾದೆ. ಆ ಪ್ರಶ್ನೆಗೆ ಉತ್ತರ ಕೊಡದೆ ಇಪ್ಪತ್ತನಾಲ್ಕು ವರ್ಷ ವ್ಯಾಪಾರ ಮಾಡಿದೆ.

2020ರ ಅಕ್ಟೋಬರ್ ತಿಂಗಳ ಮಧ್ಯದಲ್ಲಿ ನಮ್ಮ ಜಿಲ್ಲೆಯಲ್ಲಿ ಬಿದ್ದ ಮಳೆ, ಉಜನಿ ಜಲಾಶಯದಿಂದ ಬಿಟ್ಟ ನೀರು ಸೇರಿ ಭೀಮೆ ಉಕ್ಕಿ ಬಂದದ್ದು, ಅಫಜಲಪುರ ಜೇವರ್ಗಿ ತಾಲ್ಲೂಕುಗಳ ನದಿದಂಡೆಯ ಹಳ್ಳಿಗಳು ನೀರಿನಲ್ಲಿ ನಿಂತದ್ದು ಎಲ್ಲರಿಗೂ ನೆನಪಿದೆ. ನಮ್ಮ ಅಂಗಡಿ ನದಿಯಿಂದ ದೂರವೇ ಇದ್ದರೂ ತಗ್ಗಿನಲ್ಲಿದೆ. ಚರಂಡಿಯ ನೀರು ರಾತ್ರಿ ಒಳನುಗ್ಗಿ ಮೊಣಕಾಲೆತ್ತರ ನಿಂತಿತು. ಗಣಕಯಂತ್ರದ ಪೆಟ್ಟಿಗೆ ನೆಲದ ಮೇಲೆಯೇ ಇತ್ತು. ಲೆಕ್ಕದ ಪ್ರತಿ ತೆಗೆದಿಡುತ್ತಿದ್ದ ಪೆನ್‌ಡ್ರೈವ್ ಅದೇ ಮೇಜಿನ ಕೆಳಗಿನ ಖಾನೆಯಲ್ಲಿತ್ತು. ಕಲಬುರಗಿಗೆ ಒಯ್ದು ತೋರಿಸಿದಾಗ ಯಂತ್ರದ ಡಿಸ್ಕಿನಿಂದ ಏನೂ ಹೊರಬರಲಿಲ್ಲ. ಪೆನ್‌ಡ್ರೈವ್ ಒಣಗಿಸಿದ ಮೇಲೆ ತೆರೆಯಿತು. ಆದರೆ ಅದರಲ್ಲಿದ್ದ ಲೆಕ್ಕ 2019ರ ಮಾರ್ಚ್ ಕೊನೆಗೆ ನಿಂತಿತ್ತು. ಆಗ ತಂತ್ರಾಂಶವನ್ನು ಹೊಸದು ಮಾಡಿಸಿದ್ದೆವು. ಲೆಕ್ಕ ಬೇರೊಂದು ಜಾಗದಲ್ಲಿ ಕೂಡತೊಡಗಿತ್ತು. ಹುಡುಗ ಪ್ರತಿ ಸಂಜೆ ಹಳೆಯ ಜಾಗದ ಕಡತವನ್ನೇ ನಿಷ್ಠೆಯಿಂದ ನಕಲು ಮಾಡುತ್ತಿದ್ದ. ಅವನ ತಪ್ಪಲ್ಲ. ಹತ್ತೊಂಬತ್ತು ತಿಂಗಳಲ್ಲಿ ಒಂದು ಸಲವಾದರೂ ಆ ಪ್ರತಿಯನ್ನು ತೆರೆದು ನೋಡುವುದು ಯಜಮಾನನಾದ ನನ್ನ ಕೆಲಸವಾಗಿತ್ತು.

ನನಗೆ ಬರಬೇಕಾದ ಬಾಕಿ ಹೋಯಿತೆಂಬುದು ಮೊದಲ ಚಿಂತೆಯಾಗಿತ್ತೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ಎರಡು ದಿನ ಕಳೆದ ಮೇಲೆಯೇ ಇನ್ನೊಂದು ಚಿಂತೆ ಹುಟ್ಟಿತು. ಅಡತಿ ವ್ಯಾಪಾರದಲ್ಲಿ ರೈತರು ಮಾಲು ಮಾರಿದ ಹಣವನ್ನೆಲ್ಲ ಒಮ್ಮೆಲೇ ಒಯ್ಯುವುದಿಲ್ಲ. ಬೀಜಕ್ಕೆ, ಮದುವೆಗೆ, ಆಸ್ಪತ್ರೆಗೆ ಬೇಕಾದಾಗ ಒಯ್ಯುತ್ತೇವೆಂದು ಅಂಗಡಿಯಲ್ಲಿಯೇ ಬಿಡುತ್ತಾರೆ. ಆ ಠೇವಣಿಗಳ ಲೆಕ್ಕ ಎಲ್ಲಿ? ಬ್ಯಾಂಕಿನ ಪುಸ್ತಕದಲ್ಲಿ ಚೆಕ್ಕುಗಳಿದ್ದವು, ಸರ್ಕಾರಕ್ಕೆ ಸಲ್ಲಿಸಿದ ವಿವರಣೆಗಳಲ್ಲಿ ಒಟ್ಟು ಮೊತ್ತಗಳಿದ್ದವು. ರೈತನೊಬ್ಬನ ಶಿಲ್ಕು ಇವೆರಡರಲ್ಲಿಯೂ ಇರಲಿಲ್ಲ.

ರೈತರನ್ನು ಕರೆಸಿ ಇದ್ದದ್ದನ್ನು ಇದ್ದಂತೆ ಹೇಳಿದೆ. ತಮ್ಮ ಬಳಿಯಿದ್ದ ಪಟ್ಟಿಗಳನ್ನು ಅವರು ತಂದು ತೋರಿಸಿದರು. ಪಟ್ಟಿಯಿಲ್ಲದವರು ಬಾಯಿಮಾತಿನಲ್ಲಿ ಹೇಳಿದರು. ಯಾರಾದರೂ ಹೆಚ್ಚು ಹೇಳಿದರೇ ಎಂದು ಕೇಳಿದವರಿಗೆ ನಾನು ಹೇಳುವುದಿಷ್ಟೇ: ಪುಸ್ತಕ ಕಳೆದವನಿಗೆ ಸಂಶಯಪಡುವ ಅಧಿಕಾರವಿಲ್ಲ. ಹಾಗೆ ನೋಡಿದರೆ ಬಹುತೇಕರು ಕಡಿಮೆಯೇ ಹೇಳಿದರೆಂದು ನನಗೆ ಅನಿಸಿದೆ.

ಅವರಲ್ಲಿ ಭೀಮಾ ದಂಡೆಯ ಹಳ್ಳಿಯ ಒಬ್ಬ ವಿಧವೆ ಇದ್ದಳು. ತಂದೆಯವರ ಕಾಲದಿಂದ ನಮ್ಮ ಅಂಗಡಿಗೇ ಮಾಲು ತರುತ್ತಿದ್ದ ಮನೆ ಅವರದು. ಅವಳ ಮನೆಯೂ ನೀರಿನಲ್ಲಿ ನಿಂತಿತ್ತು, ಪಟ್ಟಿ ಉಳಿದಿರಲಿಲ್ಲ. “ಎಷ್ಟು ಬಿಟ್ಟಿದ್ದಿ ಅವ್ವಾ?” ಎಂದು ಕೇಳಿದೆ. ಅವಳಿಗೆ ಆಶ್ಚರ್ಯವಾಯಿತು. “ನಂಗೇನು ಬರಿಲಾಕ ಬರ್ತದೇನ್ರಿ ಸಾವಕಾರ್ರ? ನೀವು ಬರ್ದೀರಲ್ಲ, ಅದೇ ಲೆಕ್ಕ” ಎಂದಳು. ನನ್ನ ಬಳಿ ಬರಹವಿಲ್ಲವೆಂದು ಮತ್ತೆ ಹೇಳಬೇಕಾಯಿತು. ಬಹಳ ಹೊತ್ತು ಯೋಚಿಸಿ, ಸಂಕ್ರಾಂತಿಯ ಮುಂಚೆ ಎಂಟು ಚೀಲ ತೊಗರಿ ಹಾಕಿದ್ದೆನೆಂದು ನೆನಪಿಸಿಕೊಂಡಳು. ಆ ವಾರದ ಧಾರಣೆ ಹಿಡಿದು ರೂ. 38,400 ಎಂದು ಲೆಕ್ಕಮಾಡಿ ಕೊಟ್ಟೆ. ಎಣಿಸದೆ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಮರುವರ್ಷ ಮಳೆಗಾಲದಲ್ಲಿ ನಮ್ಮ ತೂಕದವನ ಮನೆಯಲ್ಲಿ ಒಂದು ಚಿಕ್ಕ ಪುಸ್ತಕ ಸಿಕ್ಕಿತು. ತನ್ನ ಕೂಲಿಯ ಲೆಕ್ಕಕ್ಕಾಗಿ ಅವನು ಪ್ರತಿದಿನದ ಚೀಲಗಳನ್ನು ಪೆನ್ಸಿಲಿನಲ್ಲಿ ಬರೆದಿಟ್ಟುಕೊಂಡಿದ್ದ. ಅದನ್ನು ತಿರುವಿ ನೋಡುವಾಗ, 2020ರ ಫೆಬ್ರವರಿಯಲ್ಲಿ ಆಕೆಯ ತಮ್ಮ ಅವಳ ಹೆಸರಿನಲ್ಲಿಯೇ ಇನ್ನೂ ಮೂರು ಚೀಲ ತಂದು ಹಾಕಿದ್ದು ಕಂಡಿತು. ರೂ. 14,400ರಷ್ಟು ಅವಳಿಗೆ ಕಡಿಮೆ ಕೊಟ್ಟಿದ್ದೆ. ಹಣ ತೆಗೆದುಕೊಂಡು ಹಳ್ಳಿಗೆ ಹೋದಾಗ ಆಕೆ ತೀರಿಕೊಂಡು ಎರಡು ತಿಂಗಳಾಗಿತ್ತು. ಅಫಜಲಪುರ ತಾಲ್ಲೂಕಿನಲ್ಲಿದ್ದ ಮಗಳನ್ನು ಹುಡುಕಿ ಬಡ್ಡಿಸಹಿತ ಒಪ್ಪಿಸಿದೆ. ಆ ಹೆಣ್ಣುಮಗಳು ಕಣ್ಣೊರೆಸಿಕೊಂಡು, “ಸಾವಕಾರ್ರ ಪುಸ್ತಕದಾಗ ತಪ್ಪು ಇರಂಗಿಲ್ಲ ಅಂತ ಅವ್ವ ಅಂತಿದ್ಲು” ಎಂದಳು. ಹೊಗಳಿಕೆಯ ಆ ಮಾತನ್ನು ಕೇಳಿ ತಲೆಯೆತ್ತಲು ನನ್ನಿಂದ ಆಗಲಿಲ್ಲ.

ಮನೆಗೆ ಬಂದು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವನ್ನು ತೆರೆದೆ. ಅನೇಕ ಸಲ ಪಾರಾಯಣ ಮಾಡಿದ ಅಧ್ಯಾಯವೇ. ಶ್ರಾವಕನ ವ್ರತಗಳಿಗೆ ಆಚಾರ್ಯ ಉಮಾಸ್ವಾಮಿಗಳು ಐದೈದು ಅತಿಚಾರಗಳನ್ನು ಹೇಳಿದ್ದಾರೆ. ಸತ್ಯವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ ಒಂದು, ಅಂದರೆ ಸುಳ್ಳು ಬರಹ. ನ್ಯಾಸಾಪಹಾರ ಇನ್ನೊಂದು, ಅಂದರೆ ಒಬ್ಬನು ನಂಬಿ ಇಟ್ಟದ್ದನ್ನು ಕಡಿಮೆ ಮಾಡಿ ಕೊಡುವುದು. ಇಟ್ಟವನೇ ಮೊತ್ತ ಮರೆತು ಕಡಿಮೆ ಕೇಳಿದಾಗ, ಕೇಳಿದಷ್ಟನ್ನೇ ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ಳುವುದೂ ಇದರಲ್ಲಿ ಸೇರುತ್ತದೆಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ನಾನು ತಿಳಿದು ಇಟ್ಟುಕೊಂಡವನಲ್ಲ, ನಿಜ. ಆದರೆ ಪರಿಣಾಮದಲ್ಲಿ ಏನು ವ್ಯತ್ಯಾಸವಾಯಿತು? ನಮ್ಮ ಧರ್ಮದಲ್ಲಿ ಹಿಂಸೆಯ ಲಕ್ಷಣ ಹೇಳುವಾಗಲೂ ಪ್ರಮಾದವನ್ನೇ ಮೂಲವಾಗಿ ಹಿಡಿಯುತ್ತಾರೆ. ಪುಸ್ತಕವನ್ನು ನೆಲದ ಮೇಲೆ ಇಟ್ಟದ್ದು ಪ್ರಮಾದ. ಪ್ರತಿಯನ್ನು ಪರೀಕ್ಷಿಸದೆ ಇದ್ದದ್ದು ಪ್ರಮಾದ. ಆ ಬಡವೆ ನನ್ನಲ್ಲಿ ಹಣವನ್ನು ಮಾತ್ರ ಇಟ್ಟಿರಲಿಲ್ಲ. ತನ್ನ ನೆನಪನ್ನೂ ಇಟ್ಟಿದ್ದಳು. ಲೆಕ್ಕದ ಪುಸ್ತಕವೂ ಒಂದು ನ್ಯಾಸವೇ ಎಂಬುದು ನನಗೆ ಅಂದು ಅರ್ಥವಾಯಿತು.

ಹಾಗಾದರೆ ಕಾಪಾಡುವುದು ಹೇಗೆ? ಇದಕ್ಕೆ ಉತ್ತರ ಹೊರಗಿನಿಂದ ಬರಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಒಂದು ಪ್ರತಿ ಗೆದ್ದಲಿಗೆ, ಒಂದು ಬೆಂಕಿಗೆ, ಒಂದು ನೀರಿಗೆ ಹೋದರೂ ಗ್ರಂಥ ಉಳಿಯಬೇಕೆಂಬ ದೃಷ್ಟಿ ಅದರಲ್ಲಿ ಕಾಣುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆಯೂ ನಮ್ಮಲ್ಲಿಯೇ ಇದೆ. ವೀರಸೇನಾಚಾರ್ಯರ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದವು. ಹಳಗನ್ನಡ ಲಿಪಿಯನ್ನು ಓದಬಲ್ಲವರೂ ವಿರಳರಾಗುತ್ತಿದ್ದರು. ಕಷ್ಟಪಟ್ಟು ಪ್ರತಿ ತೆಗೆಸಿ, 1939ರಿಂದ ಡಾ. ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಸಂಪುಟಗಳು ಅಚ್ಚಾದ ಮೇಲೆ ಆ ಭಯ ತೀರಿತು. ಒಂದೇ ಕಡೆ ಇರುವ ಬರಹ ಎಷ್ಟು ಪೂಜ್ಯವಾದರೂ ಅಪಾಯದಲ್ಲಿಯೇ ಇರುತ್ತದೆ.

ಈಗ ನಮ್ಮ ಮೂರು ಅಂಗಡಿಗಳಲ್ಲಿ ಅನುಸರಿಸುತ್ತಿರುವ ಕ್ರಮವನ್ನು ತಿಳಿಸುತ್ತೇನೆ. ಲೆಕ್ಕದ ಮೂರು ಪ್ರತಿಗಳು ಇರಬೇಕು, ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿ ಇರಬೇಕು, ಒಂದಾದರೂ ಬೇರೆ ಊರಿನಲ್ಲಿ ಇರಬೇಕು ಎಂಬುದು ಗಣಕ ಬಲ್ಲವರು ಒಪ್ಪಿದ ಸೂತ್ರ. ಅದರಂತೆ ಜೇವರ್ಗಿಯ ಲೆಕ್ಕ ಪ್ರತಿ ವಾರ ಆಳಂದದ ಅಣ್ಣನವರ ಮನೆಗೆ ಹೋಗುತ್ತದೆ. ಆಳಂದದ್ದು ಅಫಜಲಪುರಕ್ಕೆ, ಅಫಜಲಪುರದ್ದು ನನ್ನಲ್ಲಿಗೆ. ಭೀಮೆಯ ನೀರು ಎಷ್ಟೇ ಏರಿದರೂ ಆಳಂದಕ್ಕೆ ಬರಲಾರದು. ಜೊತೆಗೆ ಅಂತರಜಾಲದ ಮೂಲಕ ದೂರದ ಭಂಡಾರದಲ್ಲಿ ಒಂದು ಪ್ರತಿ ಇದೆ. ಪ್ರತಿ ತೆಗೆಯುವ ಡಿಸ್ಕನ್ನು ಕೆಲಸ ಮುಗಿದ ಕೂಡಲೇ ಯಂತ್ರದಿಂದ ಬಿಡಿಸಿಡುತ್ತೇವೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಜಗತ್ತಿನಾದ್ಯಂತ ಗಣಕಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳೂ ಸಿಕ್ಕಿಬಿದ್ದವು. ಇಂಥದ್ದು ಬಂದರೆ ಯಂತ್ರಕ್ಕೆ ಸದಾ ಅಂಟಿಕೊಂಡಿರುವ ಪ್ರತಿಯೂ ಅದರೊಡನೆಯೇ ಹೋಗುತ್ತದೆ. ತಿಂಗಳ ಕೊನೆಗೆ ಪ್ರತಿಯೊಬ್ಬ ರೈತನ ಶಿಲ್ಕನ್ನು ಕಾಗದದ ಮೇಲೆ ಅಚ್ಚುಹಾಕಿ ಅಟ್ಟಕ್ಕೆ ಏರಿಸುತ್ತೇವೆ. ತಂದೆಯವರ ಪ್ರಶ್ನೆಗೆ ಇದು ನನ್ನ ತಡವಾದ ಉತ್ತರ.

ಎಲ್ಲಕ್ಕಿಂತ ಮುಖ್ಯವಾದುದು ಪರೀಕ್ಷೆ. ಮುನಿಗಳು ಕಮಂಡಲು, ಶಾಸ್ತ್ರಗಳನ್ನು ಎತ್ತುವಾಗ ಇಡುವಾಗ ಕಣ್ಣಿಟ್ಟು ನೋಡಿ, ಪಿಂಛಿಯಿಂದ ಮಾರ್ಜನ ಮಾಡಿ ಇಡುತ್ತಾರೆ. ಇದೇ ಆದಾನನಿಕ್ಷೇಪಣ ಸಮಿತಿ. ಗೃಹಸ್ಥರಾದ ನಾವು ಅದರ ನೆರಳನ್ನಾದರೂ ಹಿಡಿಯಬೇಡವೇ? ಪ್ರತಿ ತಿಂಗಳ ಮೊದಲ ಭಾನುವಾರ ಹಳೆಯ ಪ್ರತಿಯೊಂದನ್ನು ಬೇರೆ ಯಂತ್ರದಲ್ಲಿ ತೆರೆದು, ಯಾವುದಾದರೂ ಹತ್ತು ಖಾತೆಗಳ ಶಿಲ್ಕನ್ನು ತಾಳೆ ನೋಡುತ್ತೇನೆ. ಅರ್ಧ ಗಂಟೆಯ ಕೆಲಸ. ಈ ಅರ್ಧ ಗಂಟೆ 2019ರಲ್ಲಿ ಕೊಟ್ಟಿದ್ದರೆ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ತಿದ್ದುವ ವಿಷಯ ಇನ್ನೊಂದು. ಕಾಗದದಲ್ಲಿ ಕೆರೆದರೆ ಗುರುತು ಉಳಿಯುತ್ತಿತ್ತು. ಗಣಕದಲ್ಲಿ ಅಳಿಸಿದರೆ ಅಳಿಸಿದ್ದೇ ಕಾಣದು. ಕೂಟಲೇಖಕ್ಕೆ ಇಷ್ಟು ಸುಲಭವಾದ ದಾರಿ ಹಿಂದೆ ಇರಲಿಲ್ಲ. ಆದ್ದರಿಂದಲೇ 2023ರ ಏಪ್ರಿಲ್ 1ರಿಂದ ಕಂಪನಿಗಳು ಪ್ರತಿ ತಿದ್ದುಪಡಿಯ ದಾಖಲೆಯನ್ನು ತಾನಾಗಿ ಇಡುವ ತಂತ್ರಾಂಶವನ್ನೇ ಬಳಸಬೇಕೆಂದು ಕಾನೂನು ವಿಧಿಸಿದೆ. ನಮ್ಮಂಥ ಅಂಗಡಿಗಳಿಗೆ ಅದು ಕಡ್ಡಾಯವಲ್ಲದಿದ್ದರೂ ನಾವು ಅದನ್ನೇ ಇಟ್ಟಿದ್ದೇವೆ. ತಂದೆಯವರ ಒಂದು ಗೆರೆಯ ನಿಯಮ ಅದರಲ್ಲಿ ಮರಳಿ ಬಂದಿದೆ. ಜಿ.ಎಸ್.ಟಿ. ನೋಂದಣಿಯುಳ್ಳವರು ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳು ಲೆಕ್ಕವನ್ನು ಕಾಪಾಡಬೇಕೆಂಬುದು, ಗಣಕದ ಲೆಕ್ಕವಾದರೆ ಅಪಘಾತ ಅಥವಾ ನೈಸರ್ಗಿಕ ವಿಕೋಪದಲ್ಲಿ ನಾಶವಾದರೂ ಮರಳಿ ಪಡೆಯುವಂತೆ ಪ್ರತಿ ಇಡಬೇಕೆಂಬುದು ಕಾನೂನೇ ಆಗಿದೆ. ಕಾನೂನಿಗೆ ಅವಧಿಯುಂಟು. ನ್ಯಾಸಕ್ಕೆ ಅವಧಿಯಿಲ್ಲ, ಇಟ್ಟವರ ಮಕ್ಕಳಿಗೆ ಮುಟ್ಟುವವರೆಗೂ ಅದು ಇರುತ್ತದೆ.

ಗೌಪ್ಯವನ್ನೂ ಮರೆಯಬಾರದು. ಸತ್ಯವ್ರತದ ಅತಿಚಾರಗಳಲ್ಲಿ ರಹೋಭ್ಯಾಖ್ಯಾನ, ಸಾಕಾರಮಂತ್ರಭೇದ ಎಂಬುವೂ ಇವೆ. ಇನ್ನೊಬ್ಬರ ಗುಟ್ಟನ್ನು ಬಯಲಿಗೆಳೆಯುವುದು ಅವುಗಳ ಸಾರ. ಒಬ್ಬ ರೈತನ ಬಾಕಿಯ ಪುಟವನ್ನು ಮೊಬೈಲಿನಲ್ಲಿ ಚಿತ್ರ ತೆಗೆದು ಮತ್ತೊಬ್ಬರಿಗೆ ಕಳಿಸುವುದು ಇಂದು ಕ್ಷಣದ ಕೆಲಸ. ಆ ಮನೆಯ ಮಾನ ಹೋಗುವುದೂ ಕ್ಷಣದಲ್ಲಿಯೇ. ಪ್ರತಿಗಳು ಹೆಚ್ಚಾದಂತೆ ಬೀಗಗಳೂ ಹೆಚ್ಚಾಗಬೇಕು. ಆದರೆ ಆ ಬೀಗದ ಸಂಕೇತಪದ ಒಬ್ಬನ ತಲೆಯಲ್ಲಿ ಮಾತ್ರ ಇರಬಾರದು. ಲೆಕ್ಕವನ್ನು ಗೂಢಲಿಪಿಯಲ್ಲಿ ಮುಚ್ಚುವ ಸಂಕೇತಪದವನ್ನು ಮರೆತರೆ ತಂತ್ರಾಂಶ ಮಾಡಿದವರೂ ಅದನ್ನು ತೆರೆದುಕೊಡಲಾರರು. ನಮ್ಮಲ್ಲಿ ಅದನ್ನು ಬರೆದು, ಲಕೋಟೆಗೆ ಅರಗು ಹಾಕಿ, ಅಣ್ಣನವರ ತಿಜೋರಿಯಲ್ಲಿಟ್ಟಿದ್ದೇವೆ.

ಬಸದಿಗಳ ವಿಶ್ವಸ್ತರಲ್ಲಿ ಒಂದು ವಿನಂತಿ. ಅಭಿಷೇಕದ ಸವಾಲಿನ ಹಣ, ಶಾಶ್ವತ ಪೂಜೆಯ ನಿಧಿ, ಹೊಲದ ಗೇಣಿ ಇವೆಲ್ಲ ದಾನಿಗಳ ನ್ಯಾಸ. ನಮ್ಮ ಪೂರ್ವಿಕರು ದಾನವನ್ನು ಕಲ್ಲಿನಲ್ಲಿ ಕೆತ್ತಿಸಿದರು. ನಮ್ಮ ಜಿಲ್ಲೆಯ ಹುಣಸಿ ಹಡಗಿಲ, ಮಳಖೇಡಗಳ ಜೈನ ಶಾಸನಗಳನ್ನು ಇಂದಿಗೂ ಓದಬಹುದು. ಅದೇ ಮಳಖೇಡದ ದೊರೆ ಅಮೋಘವರ್ಷನ ಆಶ್ರಯದಲ್ಲಿ ಮಹಾವೀರಾಚಾರ್ಯರು ಗಣಿತಸಾರಸಂಗ್ರಹ ರಚಿಸಿ ಬಡ್ಡಿಯ ಲೆಕ್ಕವನ್ನೂ ಶಾಸ್ತ್ರವಾಗಿಸಿದರು. ಆದರೆ ನಮ್ಮ ಕಾಲದಲ್ಲಿ ಅನೇಕ ಟ್ರಸ್ಟುಗಳ ಹತ್ತು ವರ್ಷದ ಲೆಕ್ಕ ಒಬ್ಬ ಕಾರ್ಯದರ್ಶಿಯ ಮನೆಯ ಯಂತ್ರದಲ್ಲಿ ಇರುತ್ತದೆ. ಅವರ ಅಧಿಕಾರ ಮುಗಿದಾಗ ಲೆಕ್ಕವೂ ಮುಗಿಯುತ್ತದೆ. ಅಧಿಕಾರ ಹಸ್ತಾಂತರದ ಸಭೆಯಲ್ಲಿ ಬೀಗದಕೈಗಳೊಡನೆ ಲೆಕ್ಕದ ಪ್ರತಿಯನ್ನೂ ಎಲ್ಲರ ಎದುರು ತೆರೆದು ತೋರಿಸಿ ಒಪ್ಪಿಸುವ ರೂಢಿ ಆಗಬೇಕು. ಹಳೆಯ ಸಾಧನದಲ್ಲಿರುವುದನ್ನು ಹೊಸದಕ್ಕೆ ವರ್ಗಾಯಿಸುತ್ತಿರಬೇಕು. 1996ರ ನನ್ನ ಫ್ಲಾಪಿಗಳು ಇಂದಿಗೂ ನನ್ನ ಬಳಿ ಇವೆ. ಓದುವ ಯಂತ್ರ ನನ್ನಲ್ಲಿಲ್ಲ. ಅವುಗಳಿಗಿಂತ ಹಳೆಯದಾದ ಅಜ್ಜನವರ ಕಡತವನ್ನು ಮೊನ್ನೆ ಮೊಮ್ಮಗ ಕೂಡಿಸಿ ಕೂಡಿಸಿ ಓದಿದ.

ಶ್ರುತಪಂಚಮಿಯ ದಿನ ಶಾಸ್ತ್ರದ ಗಂಟು ಬಿಚ್ಚುವಾಗ ಅಂಗಡಿಯ, ಬಸದಿಯ ಲೆಕ್ಕದ ಗಂಟನ್ನೂ ಒಮ್ಮೆ ಬಿಚ್ಚಿ ನೋಡೋಣ. ನಾನು ಪ್ರತಿದಿನ ಸಂಜೆ ಪ್ರತಿಕ್ರಮಣಕ್ಕೆ ಕುಳಿತಾಗ ಆ ತಾಯಿಯ ಹೆಸರು ನೆನೆಯುತ್ತೇನೆ. ಮೂರು ಚೀಲದ ಹಣ ಮಗಳಿಗೆ ಮುಟ್ಟಿದೆ. ನನ್ನ ಪುಸ್ತಕದ ಮೇಲೆ ಆಕೆ ಇಟ್ಟಿದ್ದ ನಂಬಿಕೆಯ ಬಾಕಿಯನ್ನು ಯಾವ ಖಾತೆಗೆ ಜಮಾ ಮಾಡಿದರೆ ತೀರುತ್ತದೆಂಬುದು ಮಾತ್ರ ಇನ್ನೂ ತಿಳಿದಿಲ್ಲ.

ಜೈ ಜಿನೇಂದ್ರ.